ಐದನೇ ಮಂಗಳವಾರ

ತಿಪ್ಪೇರುದ್ರನ ಅವ್ವ ಅವನನ್ನು ಹೆತ್ತ ನಾಲ್ಕನೇ ದಿನಕ್ಕೆ ಸತ್ತಳು. ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊತ್ತು ಹೊತ್ತು ಸೊಂಟ ಬಿಟ್ಟುಕೊಂಡು, ಇನ್ನೊಬ್ಬಳ ಹಿಂದೆ ಆಂಧ್ರದ ಕಡೆ ಹೋದವನು ತಿರುಗಿ ಬರಲಿಲ್ಲ. ಹುಡುಗನನ್ನು ಸಾಕಿದ್ದು ಅವ್ವನ ತಂಗಿ ಸೂರಮ್ಮ. ನನ್ನಿವಾಳದಾಚೆಯ ನಮ್ಮ ಹಟ್ಟಿಯಲ್ಲಿ ಕುರಿ ಕಾಯ್ದು, ಕಳೆ ಕಿತ್ತು, ಬಂದ ಎರಡು ಗಂಡುಗಳನ್ನೂ ಬೇಡವೆಂದು ಕಳಿಸಿ ಅವನನ್ನು ಓದಿಸಿದಳು. ತ್ಯಾಗ ಗೀಗ ಎಂಬ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಕುರಿ ಹಿಂದೆ ಹೋಗೋದಕ್ಕಿಂತ ಗಂಡನ ಹಿಂದೆ ಹೋಗೋದು ಏನು ಭಾಗ್ಯ?" ಎನ್ನುತ್ತಿದ್ದಳು.

ತೊಂಬತ್ತೆಂಟರಲ್ಲಿ ಚಳ್ಳಕೆರೆ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದಂಗಡಿಯ ಮಾಳಿಗೆ ಮೇಲೆ ಕಂಪ್ಯೂಟರ್ ಕ್ಲಾಸು ಶುರುವಾಯಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಮೆಷಿನ್ನಿಗೆ ಧೂಳು ಆಗುವುದಿಲ್ಲ ಎಂದು. ರುದ್ರ ಅಲ್ಲಿ ಒಂದು ವರ್ಷ ಕಲಿತ. ಎರಡು ಸಾವಿರದ ಇಸವಿಯಲ್ಲಿ ರಸ್ತೆ ಪಕ್ಕದ ನೂಲಿನ ಗಿರಣಿಗೆ ಹಾಜರಿ ಬರೆಯುವ ಕಂಪ್ಯೂಟರ್ ಬಂತು. ಅದರ ಮುಂದೆ ಕೂರಲು ರುದ್ರನಿಗೆ ಕೆಲಸ ಸಿಕ್ಕಿತು. ಹಟ್ಟಿಯಿಂದ ಗಿರಣಿಗೆ ಹೋಗುವ ಇಪ್ಪತ್ತೈದು ಮೂವತ್ತು ಜನರಲ್ಲಿ ಕುರ್ಚಿ ಮೇಲೆ ಕೂರುವವನು ಅವನೊಬ್ಬನೇ. ಚಳ್ಳಕೆರೆಯಲ್ಲೇ ಒಂದು ರೂಮು ಮಾಡಿಕೊಂಡ.

ಗಿರಣಿಯ ದೊಡ್ಡ ಕಚೇರಿ ಕೊಯಮತ್ತೂರಿನಲ್ಲಿತ್ತು. ನೂಲು ಹೊರದೇಶಗಳಿಗೆ ಹೋಗುತ್ತಿತ್ತು. ಅಲ್ಲಿ ಹಬ್ಬವಿರುವ ದಿನ ಇಲ್ಲಿಂದ ಲೋಡು ಹೊರಟರೆ ಬಂದರಿನಲ್ಲಿ ಕೊಳೆಯುತ್ತದೆ. ಅದಕ್ಕೆ ಎಲ್ಲ ದೇಶದ ಹಬ್ಬ, ಎಲ್ಲ ಊರಿನ ಹಬ್ಬ ಸೇರಿಸಿ ರಜೆ ಪಟ್ಟಿ ಕಳಿಸಿ ಎಂದು ಆರ್ಡರು ಬಂತು. ಬೇರೆ ಗಿರಣಿಯವರು ಗೋಡೆ ಕ್ಯಾಲೆಂಡರು ನೋಡಿ ಒಂದು ವರ್ಷದ್ದು ಬರೆದು ಕಳಿಸಿದರು. ರುದ್ರ ಹಾಗೆ ಮಾಡಲಿಲ್ಲ. ಪಂಚಾಂಗ ತಂದ. ಮೌಲ್ವಿ ಸಾಬರ ಮನೆಗೆ ಹೋಗಿ ಹಿಜರಿ ತಿಂಗಳ ಲೆಕ್ಕ ಬರೆದುಕೊಂಡ. ಚರ್ಚಿನ ಪಾದ್ರಿಯನ್ನು ಕೇಳಿದ. ಅಧಿಕ ಮಾಸ ಎಂದರೇನು, ಸೂರ್ಯ ರಾಶಿ ದಾಟದ ತಿಂಗಳನ್ನು ಹೇಗೆ ಹಿಡಿಯಬೇಕು ಎಂದು ಆರು ತಿಂಗಳು ತಲೆ ಕೆಡಿಸಿಕೊಂಡ. ಕೊನೆಗೆ ಇಸವಿ ಒತ್ತಿದರೆ ಯುಗಾದಿ, ದೀಪಾವಳಿ, ರಂಜಾನ್, ಈಸ್ಟರ್, ಚೀನಾದವರ ಹೊಸ ವರ್ಷ ಎಲ್ಲವೂ ಸಾಲಾಗಿ ಬೀಳುವ ಪ್ರೋಗ್ರಾಮು ಬರೆದ. ಒಂದಲ್ಲ, ಹತ್ತು ವರ್ಷದ್ದು. ಎರಡು ಸಾವಿರದ ಹತ್ತರವರೆಗೆ.

"ಅವರ ಈಸ್ಟರು ಹುಣ್ಣಿಮೆ ಆದ್ಮೇಲಿನ ಭಾನುವಾರ, ನಮ್ಮದು ಅಮಾಸೆ ಆದ್ಮೇಲಿನ ಮಂಗಳವಾರ. ಏನು ವ್ಯತ್ಯಾಸ ಐತೆ ಹೇಳ್ರಿ?" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಮಾತು ಒಳ್ಳೆಯದೇ. ಈಸ್ಟರಿನ ಪಕ್ಕದ ಸಾಲಿನಲ್ಲೇ ನಮ್ಮ ಹಟ್ಟಿಯ ಮಾರಮ್ಮನ ಹಬ್ಬ ಕೂರಬೇಕು ಎಂಬುದು ಅವನ ಆಸೆ. ಅದಕ್ಕಾಗಿ ಹಟ್ಟಿಯ ಯಜಮಾನ ದೊಡ್ಡಪಾಲಯ್ಯನ ಹತ್ತಿರ ನೋಟ್‌ಬುಕ್ ಹಿಡಿದುಕೊಂಡು ಬಂದ. ಮುದುಕ ಹೊಂಗೆ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದ.

"ತಾತ, ನಮ್ಮ ಹಬ್ಬ ಯಾವತ್ತು ಬರ್ತೈತೆ?"

"ಯುಗಾದಿ ಆದ್ಮೇಲೆ ಐದನೇ ಮಂಗಳವಾರ. ಇಪ್ಪತ್ತು ವರ್ಷ ಹಬ್ಬದ ಬಾಡು ತಿಂದು ಇವತ್ತು ಕೇಳ್ತೀಯೇನಲೇ?"

"ಯಾವಾಗ್ಲೂ ಅದೇನಾ? ಯಾವ ವರ್ಷಾನೂ ತಪ್ಪಲ್ವಾ?"

ಮುದುಕನ ಕೈ ನಿಂತಿತು. ಹುಡುಗನ ಮುಖ ನೋಡಿದ. "ಅದೇ. ಬರ್ಕೋ," ಎಂದ.

ತಪ್ಪುತ್ತಿತ್ತು. ಇಬ್ಬರಿಗೂ ಗೊತ್ತಿತ್ತು. ಹಬ್ಬದ ಹೊಸ್ತಿಲಲ್ಲಿ ಹಟ್ಟಿಯೊಳಗೆ ಸಾವಾದರೆ ಸೂತಕ ಕಳೆಯುವವರೆಗೆ ಸಾರು ಹಾಕುವಂತಿಲ್ಲ, ಅಂದರೆ ತಮಟೆ ಬಾರಿಸಿ ಹಬ್ಬದ ದಿನ ಕೂಗುವಂತಿಲ್ಲ. ಹಬ್ಬ ಎರಡು ವಾರ ಮುಂದಕ್ಕೆ ಹೋಗುತ್ತದೆ. ಆದರೆ ಹಬ್ಬದ ಮಾತಾಡುವಾಗ ಸಾವಿನ ಮಾತು ಎತ್ತುವುದಿಲ್ಲ ನಮ್ಮವರು. ಎತ್ತಿದರೆ ಕರೆದ ಹಾಗೆ. ಮುದುಕ ಅದಕ್ಕೇ ಬಾಯಿ ಬಿಡಲಿಲ್ಲ. ರಂಜಾನಿಗೆ, ಚಂದ್ರ ಕಾಣದಿದ್ದರೆ ಒಂದು ದಿನ ಸರಿಸಲು ಪ್ರೋಗ್ರಾಮಿನಲ್ಲಿ ಒಂದು ಖಾನೆಯನ್ನೇ ಮಾಡಿದ್ದ ರುದ್ರ. ತನ್ನ ಹಟ್ಟಿಯ ಹಬ್ಬಕ್ಕೆ ಅಂಥ ಖಾನೆ ಮಾಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೂ ಅವನು ಹಟ್ಟಿಯ ಮಗನೇ ಆಗಿದ್ದ, ಆ ಸಾಲು ಬರೆಯಲು ಬೆರಳು ಏಳಲಿಲ್ಲ.

ಪಟ್ಟಿ ಕೊಯಮತ್ತೂರಿಗೆ ಹೋಯಿತು. ಅಲ್ಲಿಂದ ಮೆಚ್ಚಿಗೆಯ ಕಾಗದ ಬಂತು. ಎರಡು ವರ್ಷ ಹಬ್ಬ ಸರಿಯಾಗಿ ಐದನೇ ಮಂಗಳವಾರವೇ ಬಿತ್ತು, ಗಿರಣಿ ಎರಡು ದಿನ ರಜೆ ಕೊಟ್ಟಿತು. ಹಟ್ಟಿಯವರು ರುದ್ರನನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ. ಆ ಸಂತೋಷದಲ್ಲೇ ಅವನು ಇನ್ನೊಂದು ಕೆಲಸ ಮಾಡಿಕೊಟ್ಟ. ಮಂಜೂರಾದ ರಜೆಯಿಲ್ಲದೆ ಮೂರು ದಿನ ಗೈರಾದವರ ಹೆಸರು ತಾನಾಗಿ ಹಾಜರಿಯಿಂದ ಬಿದ್ದುಹೋಗುವ ಹಾಗೆ ಪ್ರೋಗ್ರಾಮು ತಿದ್ದಿದ. ಮ್ಯಾನೇಜರ್ ಹಾಲೇಶಪ್ಪ ಬೆನ್ನು ತಟ್ಟಿದ.

ಸೂರಮ್ಮ ಗಿರಣಿಗೆ ಸೇರಿದ್ದು ಎರಡು ಸಾವಿರದ ಎರಡರ ಆಗಸ್ಟಿನಲ್ಲಿ. ಮೊಣಕಾಲು ಕುರಿಯ ಹಿಂದೆ ಓಡಲು ಒಪ್ಪುತ್ತಿರಲಿಲ್ಲ. ವರ್ಷದೊಳಗೆ ಇನ್ನೂರ ನಲವತ್ತು ದಿನ ದುಡಿದ ಆಳನ್ನು ಸುಮ್ಮನೆ ಓಡಿಸುವಂತಿಲ್ಲ ಎಂದು ಕಾನೂನಿದೆ. ಗಿರಣಿಗಳಿಗೂ ಅದು ಗೊತ್ತು, ಅದಕ್ಕೇ ಇನ್ನೂರ ಮೂವತ್ತರ ಹತ್ತಿರ ಏನಾದರೊಂದು ತಪ್ಪು ಹುಡುಕುತ್ತವೆ. ಸೂರಮ್ಮ ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು. ಜ್ವರ ಬಂದರೂ ಹೋದಳು. ಬೆರಳು ಸ್ಪಿಂಡಲ್ಲಿಗೆ ಸಿಕ್ಕಿ ಉಗುರು ಕಿತ್ತರೂ ಬಟ್ಟೆ ಸುತ್ತಿಕೊಂಡು ಹೋದಳು.

ಮೂರನೇ ಇಸವಿಯ ಯುಗಾದಿ ಏಪ್ರಿಲ್ ಎರಡಕ್ಕೆ ಬಂತು. ಐದನೇ ಮಂಗಳವಾರ ಮೇ ಆರು. ಏಪ್ರಿಲ್ ಇಪ್ಪತ್ತಾರನೇ ತಾರೀಕು ಶನಿವಾರ ಬೆಳಿಗ್ಗೆ ದೊಡ್ಡಪಾಲಯ್ಯ ಬಾಯಲ್ಲಿ ಎಲೆ ಅಡಿಕೆ ಇದ್ದ ಹಾಗೇ ಸತ್ತ.

ಮೇ ಆರು ಮತ್ತು ಏಳು ಗಿರಣಿ ಹಟ್ಟಿಯವರಿಗೆ ರಜೆ ಕೊಟ್ಟಿತು. ಮುದುಕನ ಹನ್ನೊಂದನೇ ದಿನದ ಕಾರ್ಯಕ್ಕೆ ರಜೆ ಸಿಕ್ಕ ಹಾಗಾಯಿತು. ಹಬ್ಬ ಇಪ್ಪತ್ತಕ್ಕೆ ಹೋಯಿತು. ಮೂರು ದಿನದ ಹಬ್ಬ. ಆ ಮೂರು ದಿನ ಹಟ್ಟಿಯವರು ಯಾರೂ ಗಡಿ ದಾಟುವಂತಿಲ್ಲ. ಮೂರು ದಿನ ಗೈರಾದರೆ ಗಿರಣಿಯಲ್ಲಿ ಹೆಸರಿಲ್ಲ. ಇಪ್ಪತ್ತರ ಹೊತ್ತಿಗೆ ಸೂರಮ್ಮನ ಗೋಡೆಯ ಮೇಲೆ ಇನ್ನೂರ ಮೂವತ್ತೊಂದು ಗೆರೆ ಇರುತ್ತಿದ್ದವು. ಒಂಬತ್ತು ಬಾಕಿ.

ರುದ್ರ ಮೊದಲು ಹೋಗಿದ್ದು ಹೊಸ ಯಜಮಾನ ಯರ್ರಪ್ಪನ ಹತ್ತಿರ.

"ಮಾವ, ಕೆಲಸಕ್ಕೆ ಹೋಗೋರಿಗೆ ಮಾತ್ರ ಗಡಿ ಬಿಟ್ಟುಬಿಡ್ರಿ. ಸಂಜೆಗೆ ವಾಪಸ್ ಬರ್ತಾರೆ."

"ಒರೇ ಅಬ್ಬಾಯಿ, ಬಿಡೋಣ. ಹೋದೋರು ವಾಪಸ್ ಬರೋದು ಮಾತ್ರ ಬ್ಯಾಡ," ಎಂದ ಯರ್ರಪ್ಪ. "ಅವರ ಮನೆಗೆ ಬೆಂಕಿ ಕೊಡಲ್ಲ, ನೀರು ಕೊಡಲ್ಲ. ಹೆಣ ಎತ್ತೋಕೆ ಹೆಗಲು ಕೊಡಲ್ಲ. ಗಿರಣಿಯೋರೇ ಬಂದು ಎತ್ಲಿ."

ಯರ್ರಪ್ಪನ ಮನೆಯಿಂದ ಗಿರಣಿಗೆ ಹೋಗುವವರು ಯಾರೂ ಇರಲಿಲ್ಲ. ದೇವರ ಮೇಲೆ ಭಾರ ಹಾಕಿ ಬೇರೆಯವರ ಅನ್ನ ಕೀಳುವುದು ಸುಲಭ. ಆಮೇಲೆ ರುದ್ರ ಹಾಲೇಶಪ್ಪನ ಮುಂದೆ ನಿಂತ.

"ಸಾರ್, ದಿನ ಒಂದು ತಿದ್ದಬೇಕಿತ್ತು. ರಂಜಾನಿಗೆ ತಿದ್ದಿದ್ವಲ್ಲ, ಪೇಟೆ ಮಸೀದಿಗೆ ಫೋನ್ ಮಾಡಿ?"

"ಅದು ಚಂದ್ರ ಕಣಯ್ಯ. ಎಲ್ಲಾರಿಗೂ ಕಾಣ್ತಾನೆ. ನಿಮ್ಮ ಮುದುಕ ಸತ್ತಿದ್ದು ಕೊಯಮತ್ತೂರಿಗೆ ಕಾಣ್ತದಾ?" ಹಾಲೇಶಪ್ಪ ನಕ್ಕ. "ನೀನೇ ಬರೆದಿದೀಯ, ಹತ್ತು ವರ್ಷಕ್ಕೆ. ತಪ್ಪು ಅಂತ ನಾನು ಹ್ಯಾಗೆ ಬರೀಲಿ? ನಿನ್ನ ಮರ್ಯಾದೆ ಏನಾಗ್ಬೇಕು?"

ಹಾಲೇಶಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡ.

"ಅದಿರ್ಲಿ, ಹಟ್ಟಿಯೋರಲ್ಲಿ ಇನ್ನೂರ ನಲವತ್ತಕ್ಕೆ ಹತ್ರ ಇರೋರು ಎಷ್ಟು ಜನ?"

"ಹತ್ತೊಂಬತ್ತು ಸಾರ್."

"ಹಬ್ಬ ಚೆನ್ನಾಗಿ ಮಾಡ್ಲಿ ಬಿಡು. ನಿನ್ನ ಪರ್ಮನೆಂಟ್ ಕಾಗದ ನನ್ನ ಮೇಜಿನ ಮೇಲೇ ಐತೆ. ಕೆಡಿಸ್ಕೋಬೇಡ."

ಸಾರು ಹಾಕುವ ಹಿಂದಿನ ದಿನ ಅವನು ಸೂರಮ್ಮನ ಮನೆಗೆ ಬಂದ. ಅವಳು ಮೀಸಲು ಮಡಕೆಗೆ ಸುಣ್ಣ ಬಳಿಯುತ್ತಿದ್ದಳು. ಹಬ್ಬದ ಮೊದಲ ಮಡಕೆ ಅವರ ಮನೆಯದೇ, ಅವಳ ಅಜ್ಜಿಯ ಕಾಲದಿಂದ.

"ಚಿಕ್ಕವ್ವ, ನನ್ನ ರೂಮಿಗೆ ಬಂದ್ಬಿಡು. ಹಬ್ಬದ ಮೂರು ದಿನ ಅಲ್ಲಿಂದಾನೇ ಕೆಲಸಕ್ಕೆ ಹೋಗು."

"ಮಡಕೆ ಯಾರು ಹೊರ್ತಾರೆ, ನೀನಾ?"

"ಮಡಕೆ ಮುಖ್ಯಾನಾ, ಒಂಬತ್ತು ದಿನ ಮುಖ್ಯಾನಾ?"

"ಗಿರಣಿ ಬಿಟ್ರೆ ಇನ್ನೊಂದು ಕಡೆ ಕೂಲಿ ಸಿಗ್ತೈತೆ. ಹಟ್ಟಿ ಬಿಟ್ರೆ ಎಲ್ಲಿ ಸಾಯ್ಲಿ?" ಅವಳು ಸುಣ್ಣದ ಕೈ ಒರೆಸಿಕೊಂಡಳು. "ದಿನ ಬರೆದೋನು ನೀನೇ ಅಲ್ವಾ? ನೀನೇ ತಿದ್ದು."

"ಅದು ನನ್ನ ಕೈಯಾಗೆ ಇಲ್ಲ ಚಿಕ್ಕವ್ವ."

"ಬರೆಯೋವಾಗ ಯಾರ ಕೈ ಇತ್ತಪ್ಪ?"

ಅವನು ಎದ್ದು ಹೋದ. ಹಬ್ಬಕ್ಕೆ ಬರಲಿಲ್ಲ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು, ಮೂರೂ ದಿನ ಕುರ್ಚಿಯ ಮೇಲೆ ಕೂತಿದ್ದ. ಗುರುವಾರ ಸಂಜೆ ಆರಕ್ಕೆ ಗೈರಿನ ಪಟ್ಟಿ ತೆಗೆಯಬೇಕು. ರಜೆ ಪಟ್ಟಿಯಲ್ಲಿ ಹಬ್ಬದ ತಾರೀಕು ಮೇ ಆರು ಎನ್ನುವಲ್ಲಿ ಇಪ್ಪತ್ತು ಎಂದು ಒತ್ತಿದ್ದರೆ ಮುಗಿಯುತ್ತಿತ್ತು. ಕೊಯಮತ್ತೂರಿನವರಿಗೆ ಗೊತ್ತಾಗಲು ತಿಂಗಳು ಬೇಕು, ಅಷ್ಟರಲ್ಲಿ ಇನ್ನೂರ ನಲವತ್ತು ತುಂಬುತ್ತಿತ್ತು. ಹಾಲೇಶಪ್ಪ ಹಿಂದೆ ನಿಂತಿರಲಿಲ್ಲ. ಅವನು ಟೀ ಕುಡಿಯಲು ಹೋಗಿದ್ದ. ಯಾರೂ ಹೆದರಿಸಲಿಲ್ಲ, ಯಾರೂ ಕೈ ಹಿಡಿಯಲಿಲ್ಲ. ತಾರೀಕು ತಿದ್ದದೆ ರುದ್ರ ತಾನೇ ಗುಂಡಿ ಒತ್ತಿದ. ಪ್ರಿಂಟರು ಕಿರುಗುಟ್ಟಿಕೊಂಡು ಇಪ್ಪತ್ತೇಳು ಹೆಸರು ಬರೆಯಿತು. ಹದಿನಾಲ್ಕನೆಯದು ಸೂರಮ್ಮ, ಕಾರ್ಡು ನಂಬರ್ ಮುನ್ನೂರ ಹದಿನೆಂಟು.

ಶುಕ್ರವಾರ ಬೆಳಿಗ್ಗೆ ಗೇಟಿನಲ್ಲಿ ವಾಚ್‌ಮನ್ ಕಾರ್ಡು ಕಿತ್ತುಕೊಂಡ. ನಮ್ಮವರ ಹಣೆಯ ಮೇಲಿನ ಹಬ್ಬದ ಭಂಡಾರ ಇನ್ನೂ ಅಳಿಸಿರಲಿಲ್ಲ. ನಾವು ಹನ್ನೊಂದು ದಿನ ಗೇಟಿಗೆ ಅಡ್ಡ ಕೂತೆವು. ಪ್ರಯೋಜನವಾಗಲಿಲ್ಲ. ಕಾಗದದಲ್ಲಿ ಅವರದ್ದು ಎಲ್ಲ ಸರಿಯಿತ್ತು. ಹಟ್ಟಿಯ ಹೆಸರು ಸಮೇತ ಹಬ್ಬಕ್ಕೆ ರಜೆ ಕೊಟ್ಟಿದ್ದರು. ಹಬ್ಬದ ದಿನ ಹೇಳಿದವನು ಹಟ್ಟಿಯವನೇ, ಹೇಳಿಕೊಟ್ಟವನು ಯಜಮಾನನೇ. "ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು" ಎಂದು ಬರೆದು ರುಜು ಹಾಕಿಕೊಡು ಎಂದು ರುದ್ರನನ್ನು ಕೇಳಿದೆವು. ಅವನು ಸೈಕಲ್ಲನ್ನು ಹಿಂದಿನ ಗೇಟಿನಿಂದ ತಳ್ಳಿಕೊಂಡು ಹೋಗಲು ಶುರು ಮಾಡಿದ. ಹನ್ನೆರಡನೇ ದಿನ ಹೆಂಗಸರೇ ಎದ್ದರು. ಹೊಟ್ಟೆ ಕೇಳಬೇಕಲ್ಲ.

ಜುಲೈನಲ್ಲಿ ಹಾಲೇಶಪ್ಪ ರುದ್ರನನ್ನು ಕರೆದ. ಮೇಜಿನ ಮೇಲೆ ಕಾಗದ ಇದ್ದದ್ದು ನಿಜ. ಕೆಲಸದಿಂದ ಬಿಡುಗಡೆಯ ಕಾಗದ.

"ಹತ್ತು ವರ್ಷದ್ದು ಒಂದೇ ಸಲ ಮಾಡಿಟ್ಟಿದೀಯ. ಗೈರು ತಾನೇ ಬೀಳ್ತದೆ, ರಜೆ ತಾನೇ ಬರ್ತದೆ. ಗುಂಡಿ ಒತ್ತೋಕೆ ವಾಚ್‌ಮನ್ ಸಾಕು. ಇನ್ನು ನೀನ್ಯಾಕಯ್ಯ?"

ಆಮೇಲೆ ಅವನು ಮೊಳಕಾಲ್ಮೂರಿಗೆ ಹೋಗಿ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಬಿಲ್ಲು ಟೈಪು ಮಾಡುವ ಕೆಲಸಕ್ಕೆ ಸೇರಿದ. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಕೊಡುವ ಕ್ಯಾಲೆಂಡರನ್ನೂ ಅವನೇ ಮಾಡುತ್ತಿದ್ದ. ಈಸ್ಟರ್, ಬಕ್ರೀದ್ ಒಂದೂ ತಪ್ಪುತ್ತಿರಲಿಲ್ಲ. ಸೂರಮ್ಮ ಪರಶುರಾಂಪುರದ ಕಡೆ ಈರುಳ್ಳಿ ಕೊಯ್ಯುವ ಗುಂಪಿಗೆ ಸೇರಿದಳು. ಟ್ರ್ಯಾಕ್ಟರಿನಲ್ಲಿ ನಿಂತು ಹೋಗಿ ನಿಂತು ಬರುತ್ತಾಳೆ. ಗೋಡೆಯ ಗೆರೆಗಳ ಮೇಲೆ ಸಗಣಿ ಸಾರಿಸಿದ್ದಾಳೆ. ಅವಳಿಗೆ ಒಂದು ಚಾಳಿ ಹತ್ತಿದೆ. ಹಬ್ಬ ಯಾವತ್ತು ಎಂದು ಯಾರೇ ಕೇಳಲಿ, ಜೋರಾಗಿ, "ಯಾರೂ ಸಾಯದಿದ್ರೆ ಐದನೇ ಮಂಗಳವಾರ" ಎನ್ನುತ್ತಾಳೆ. ಯರ್ರಪ್ಪ ಬೈದ, ದಂಡ ಹಾಕುತ್ತೇನೆಂದ. ಅವಳು ನಿಲ್ಲಿಸಲಿಲ್ಲ.

ಏಳನೇ ಇಸವಿಯಲ್ಲಿ ರುದ್ರ ಒಂದು ಸೀರೆ, ಒಂದು ಕ್ಯಾಲೆಂಡರು ಹಿಡಿದುಕೊಂಡು ಹಟ್ಟಿಗೆ ಬಂದ. ನಾಲ್ಕು ವರ್ಷದಲ್ಲಿ ಮೊದಲ ಸಲ. ಸೂರಮ್ಮ ಒಳಗೆ ಕರೆಯಲಿಲ್ಲ. ಅವನು ಹೊಸ್ತಿಲಾಚೆ ನಿಂತೇ ಕೇಳಿದ.

"ಚಿಕ್ಕವ್ವ, ಈ ವರ್ಷ ಹಬ್ಬ ಯಾವತ್ತು? ಬರ್ತೀನಿ. ಮಡಕೆ ನಾನೇ ಎತ್ತಿಕೊಡ್ತೀನಿ."

"ಯಾರೂ ಸಾಯದಿದ್ರೆ ಐದನೇ ಮಂಗಳವಾರ."

ಅವನು ತಲೆ ತಗ್ಗಿಸಿದ. "ಹಂಗೆ ಅನ್ನಬಾರ್ದು ಚಿಕ್ಕವ್ವ. ನಂಗೇ ಏನಾದ್ರೂ ಆದ್ರೆ?"

"ನೀನು ಸತ್ರೆ ಹಬ್ಬ ನಿಲ್ಲಲ್ಲ ಬಿಡು," ಎಂದಳು ಸೂರಮ್ಮ, ಮೊರದಲ್ಲಿದ್ದ ಹುರುಳಿಯಿಂದ ಕಣ್ಣು ಎತ್ತದೆ. "ನಿನ್ನ ಸೂತಕ ನಮಗಿಲ್ಲ."

ಸೀರೆಯನ್ನು ಅವನು ಹೊಸ್ತಿಲ ಮೇಲಿಟ್ಟು ಹೋದ. ಸಂಜೆ ಅವಳು ಅದನ್ನು ಪಕ್ಕದ ಮನೆಯವಳಿಗೆ ಕೊಟ್ಟಳು. ಕ್ಯಾಲೆಂಡರು ಒಲೆಗೆ ಹೋಯಿತು.