ಪುಕ್ಕಲಕ್ಕನ ಸ್ಪಿರಿಟ್ ಒಲೆ

ಆಕೆಗೆ ಪುಕ್ಕಲಕ್ಕ ಎಂದು ಹೆಸರಿಟ್ಟವಳು ಒಡಹುಟ್ಟಿದ ತಂಗಿಯೇ. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಲಿಫ್ಟ್ ಹತ್ತಲು ಭಯ, ಹತ್ತಿದರೆ ಇಳಿಯುವ ಮಹಡಿ ಬರುವವರೆಗೂ ಭಯ. ಫೋನು ಬಂದರೆ ಭಯ, ಬಾರದಿದ್ದರೆ ಇನ್ನೂ ಭಯ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಬೀಗ ಜಗ್ಗಿ ನೋಡದೆ ಆಕೆ ಒಂದು ದಿನವೂ ಕೆಲಸಕ್ಕೆ ಹೋದವಳಲ್ಲ. ಇಂಥ ಹೆಂಗಸು ಹೊಟ್ಟೆಪಾಡಿಗೆಂದು ಹಿಡಿದದ್ದು ಬೆಂಕಿಯ ಕೆಲಸ ಎಂದರೆ ಯಾರೂ ನಂಬುವುದಿಲ್ಲ. ನಂಬದೆ ನಗುವವರ ಬಾಯಲ್ಲಿ ಆಕೆ ಕಟ್ಟಿದ ಹಲ್ಲುಗಳೇ ಇದ್ದರೂ ಇರಬಹುದು.

ಕಟ್ಟುಹಲ್ಲಿನ ಸೆಟ್ಟುಗಳನ್ನು ತಯಾರಿಸುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಆಕೆಗೆ ಕೆಲಸ. ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚಿನ ಮೇಲೆ ಗುಲಾಬಿ ಬಣ್ಣದ ಮೇಣ ಹಾಸಬೇಕು, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಬೇಕು, ಕಡೆಗೆ ಮೇಣವನ್ನು ತೀಡಿ ತೀಡಿ ವಸಡಿನ ಆಕಾರಕ್ಕೆ ತರಬೇಕು. ಮೇಣ ಹೇಳಿದ ಮಾತು ಕೇಳಬೇಕಾದರೆ ಬಿಸಿ ತಾಗಬೇಕು. ಅದಕ್ಕೆಂದು ಪ್ರತಿ ಮೇಜಿನ ಮೇಲೂ ಒಂದು ಸ್ಪಿರಿಟ್ ದೀಪ, ಉರಿ ಕಾಣಲೆಂದು ದೀಪದ ಹಿಂದೆ ಒಂದು ಕಪ್ಪು ಹಲಗೆ. ಸ್ಪಿರಿಟ್ಟಿನ ಉರಿಗೆ ಬಣ್ಣ ಕಡಿಮೆ ನೋಡಿ. ಮಬ್ಬಿನಲ್ಲಿ ತೆಳುನೀಲಿಯಾಗಿ ಕಾಣುತ್ತದೆ, ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಹೊಗೆಯಿಲ್ಲ, ಸದ್ದಿಲ್ಲ. ಎದುರಿಗೇ ಕೂತು ಉರಿಯುತ್ತಿರುತ್ತದೆ, ಇದ್ದೀನಿ ಎಂದು ಹೇಳುವುದಿಲ್ಲ.

ಆಕೆ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ, ಬಿಸಿಲು ಕಣ್ಣು ಕುಕ್ಕುವ ಒಂದು ಮಧ್ಯಾಹ್ನ, ಅಲ್ಲಿನ ಹಿರಿಯ ಮೇಸ್ತ್ರಿ ಕಿಟಕಿಯ ಪಕ್ಕ ಕೂತಿದ್ದರು. ಗೋಡೆಗೆ ಸುಣ್ಣ ಹೊಡೆಯಲೆಂದು ಅವರ ಹಲಗೆಯನ್ನು ಅಂದು ಯಾರೋ ತೆಗೆದಿಟ್ಟಿದ್ದರು. ದೀಪ ಆರಿದೆ ಎಂದುಕೊಂಡು ಮೇಸ್ತ್ರಿ ಬತ್ತಿ ಎತ್ತಿ ಬಾಟಲಿಯಿಂದ ಸ್ಪಿರಿಟ್ ಸುರಿದರು. ದೀಪ ಆರಿರಲಿಲ್ಲ. ಸುರಿಯುತ್ತಿದ್ದ ಧಾರೆಯನ್ನೇ ಹಿಡಿದು ಬೆಂಕಿ ಬಾಟಲಿಯೊಳಕ್ಕೆ ಹತ್ತಿತು. ಭುಗ್ ಎಂದ ಸದ್ದು, ಆಮೇಲೆ ಅವರ ಅಂಗಿಯ ತೋಳು, ಆಮೇಲೆ ಅವರ ಕೂಗು. ಜೀವಕ್ಕೇನೂ ಆಗಲಿಲ್ಲ, ಆದರೆ ಬಲಗೈಯ ಬೆರಳುಗಳು ಮತ್ತೆ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಗಾಯ ಮಾಗಿ ಬಂದವರೇ ಎಡಗೈಯಲ್ಲಿ ಮೇಣದ ಚೂರೊಂದನ್ನು ಹಿಡಿದು ಎಲ್ಲರಿಗೂ ಹೊಸ ಪಾಠ ಹೇಳಿದರು.

"ಸ್ಪಿರಿಟ್ ಹಾಕೋಕೆ ಮುಂಚೆ ದೀಪದ ಮೇಲೆ ಮೇಣ ಹಿಡೀರಿ. ಬಗ್ಗಿದ್ರೆ ಉರೀತಿದೆ, ಬಗ್ಗದಿದ್ರೆ ಆರಿದೆ. ಕಣ್ಣನ್ನ ನಂಬಬೇಡಿ. ಕೈ ಇಟ್ಟು ನೋಡ್ತೀನಿ ಅಂತ ಹೋಗ್ಬೇಡಿ, ಕೈ ಒಂದೇ ಸಲ ಹೇಳೋದು."

ಇದರ ಬಗ್ಗೆ ಆಕೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಪ್ಪ ಮರುದಿನವೇ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುತ್ತಿದ್ದ. ಬಟ್ಟೆಯ ಸುಟ್ಟ ವಾಸನೆಗೆ ಮೇಣ ಚೆಲ್ಲಿತು ಎಂದು ಸುಳ್ಳು ಹೇಳಿದಳು. ಅಪ್ಪ ಹೋಗಿ ಎಷ್ಟೋ ಕಾಲವಾದರೂ ಹೇಳದ ಮಾತು ಹೇಳದೆಯೇ ಉಳಿಯಿತು. ಹಾಗಾಗಿ ತಂಗಿಗೆ ಗೊತ್ತಿದ್ದದ್ದು ಇಷ್ಟೇ: ಅಕ್ಕ ಪುಕ್ಕಲಿ, ಮತ್ತು ಅಕ್ಕನ ಯಾವ ಜೇಬಿಗೆ ಕೈ ಹಾಕಿದರೂ ಗುಲಾಬಿ ಮೇಣದ ಒಂದು ಚೂರು ಸಿಗುತ್ತದೆ.

ತಂಗಿಯದು ತದ್ವಿರುದ್ಧ ಜಾಯಮಾನ. ಬಸ್ಸು ನಿಲ್ಲುವ ಮೊದಲೇ ಇಳಿಯುವವಳು. ಹಾಗೆ ಇಳಿದೇ ಬೆನ್ನು ಉಳುಕಿಸಿಕೊಂಡು ಆಪರೇಷನ್ ಮಾಡಿಸಿಕೊಂಡವಳು. ಡಾಕ್ಟರು "ದಿನಾ ನಡೀಬೇಕು" ಎಂದರೆ ಉಳಿದವರು ಪಾರ್ಕಿಗೆ ಹೋಗುತ್ತಾರೆ, ಇವಳು ಬೆಟ್ಟಕ್ಕೆ ಹೊರಟಳು. ಪ್ರತಿ ವರ್ಷ ಗೆಳತಿಯೊಬ್ಬಳ ಜೊತೆ ಡೇರೆ ಹೊತ್ತುಕೊಂಡು ಬೆಟ್ಟ ದಾಟಿ ಬರುವುದು ರೂಢಿಯಾಯಿತು. ಈ ವರ್ಷ ಗೆಳತಿ ಕೈಕೊಟ್ಟಳು. ಒಬ್ಬಳೇ ಹೋಗುತ್ತೇನೆ ಎಂದು ತಂಗಿ ಹಟ ಹಿಡಿದಳು. ಅಕ್ಕನಿಗೆ ಹೋಗುವ ಭಯ ಒಂದು ಕಡೆ, ಕಳಿಸುವ ಭಯ ಇನ್ನೊಂದು ಕಡೆ. ತೂಗಿ ನೋಡಿದರೆ ಕಳಿಸುವ ಭಯವೇ ಭಾರವಾಗಿತ್ತು.

"ನಾನೂ ಬರ್ತೀನಿ" ಎಂದಳು.

"ಬಾ. ಆದ್ರೆ ಒಂದು ಷರತ್ತು" ಎಂದಳು ತಂಗಿ. "ದಾರೀಲಿ ನಿನ್ನ ಬಾಯಿಂದ 'ಹುಷಾರು' ಅನ್ನೋ ಮಾತು ಬರಬಾರದು. ಒಂದ್ಸಲ ಬಂದ್ರೂ ನಿನ್ನನ್ನ ಅಲ್ಲೇ ಕೂರಿಸಿ ನಾನು ಮುಂದಕ್ಕೆ ಹೋಗ್ತೀನಿ. ತಮಾಷೆ ಅಲ್ಲ."

ಅವಳು ಹೇಳಿದ್ದನ್ನು ಮಾಡುವವಳೇ. ಪುಕ್ಕಲಕ್ಕ ತಲೆಯಾಡಿಸಿದಳು.

ಬೆನ್ನಿಗೆ ಭಾರ ಕೂಡದು ಎಂಬ ಕಾರಣಕ್ಕೆ ಹಗುರವಾದ ಒಲೆ ಬೇಕಿತ್ತು. ಚಾರಣದ ಸಾಮಾನಿನ ಅಂಗಡಿಯವನು ಮೂರು ಬಗೆ ತೋರಿಸಿದ. ಗ್ಯಾಸಿನದು ಬೇಗ ಕಾಯಿಸುತ್ತದೆ, ಆದರೆ ಸಿಲಿಂಡರಿನ ತೂಕ ಹೊರಬೇಕು, ಖಾಲಿಯಾದ ಮೇಲೂ ಹೊತ್ತು ತರಬೇಕು. ತಂಪು ಪಾನೀಯದ ಡಬ್ಬಿ ಕತ್ತರಿಸಿ ಮಾಡಿದ್ದು ಗಾಳಿಗೆ ಹಾರುವಷ್ಟು ಹಗುರ, ಆದರೆ ಯಾರಾದರೂ ತುಳಿದರೆ ಅಲ್ಲಿಗೆ ಕಥೆ ಮುಗಿಯಿತು. ಮೂರನೆಯದು ಅಂಗೈಯಲ್ಲಿ ಕೂರುವ ಹಿತ್ತಾಳೆಯ ಬಟ್ಟಲು, ಅಂಚಿನ ಸುತ್ತ ಸಣ್ಣ ತೂತುಗಳು, ಮೇಲೊಂದು ತಿರುಪಿನ ಮುಚ್ಚಳ. ಅದಕ್ಕೂ ಸ್ಪಿರಿಟ್ಟೇ.

ಪುಕ್ಕಲಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬುಡ ಅಗಲ, ಮಗುಚುವುದಿಲ್ಲ. ಕೈಗೆ ಚಿರಪರಿಚಿತವಾದ ವಸ್ತುವಿನಂತಿತ್ತು. ಅದಕ್ಕೇ ಅದನ್ನು ಬೇಗನೆ ಕೆಳಗಿಟ್ಟಳು.

"ಇದು ಉರೀತಿದ್ಯೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

"ನೀರು ಕುದ್ರೆ ಉರೀತಿದೆ ಅಂತ ಮೇಡಂ" ಎಂದ ಅಂಗಡಿಯವನು. ಅವನೂ ತಂಗಿಯೂ ಸೇರಿ ನಕ್ಕರು. ಹಗುರ ಎಂದು ತಂಗಿಗೆ ಅದೇ ಹಿಡಿಸಿತು.

ಸಂಜೆ ಮನೆಯ ಬಾಲ್ಕನಿಯಲ್ಲೇ ಪರೀಕ್ಷೆ ನಡೆಯಿತು. ತಂಗಿ ಬಟ್ಟಲಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿದಳು. ಮೊದಲು ನಡುವೆ ಮಾತ್ರ ಹತ್ತಿಕೊಂಡಿತು. ಬಟ್ಟಲು ಬಿಸಿಯಾದ ಮೇಲೆ ಸುತ್ತಲ ತೂತುಗಳೂ ಒಂದೊಂದಾಗಿ ನೀಲಿ ನಾಲಿಗೆ ಚಾಚಿದವು. ಹೊತ್ತು ಮುಳುಗಿತ್ತು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

"ನೋಡು, ಎಷ್ಟು ಚೆನ್ನಾಗಿ ಕಾಣಿಸ್ತಿದೆ! ಇದಕ್ಕೂ ಹೆದರ್ತೀಯಾ?" ಎಂದಳು ತಂಗಿ.

"ಹಗಲಲ್ಲಿ ಒಂದ್ಸಲ ಹಚ್ಚಿ ನೋಡೋಣ ಕಣೆ..."

"ಷರತ್ತು!" ತಂಗಿ ಬೆರಳೆತ್ತಿದಳು. "ಬೇರೆ ಮಾತಲ್ಲಿ ಹೇಳಿದ್ರೂ ಅದು ಹುಷಾರೇ."

ಆ ಹೊತ್ತಿನಲ್ಲಿ ಮೇಸ್ತ್ರಿಯ ಕಥೆ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಇವಳು ನನ್ನನ್ನು ಬಿಟ್ಟು ಹೋಗುತ್ತಾಳೆ ಎನ್ನುವ ಭಯ ಮುಂದೆ ಬಂದು ನಿಂತಿತು. ಪುಕ್ಕಲಕ್ಕ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ಸ್ಪಿರಿಟ್ ಬಾಟಲಿಯನ್ನು ಯಾರೂ ನೀರೆಂದು ಎತ್ತದಿರಲಿ ಎಂದು ಅದರ ಕೊರಳಿಗೆ ಕೆಂಪು ದಾರ ಸುತ್ತಿದಳು. ಬೆಟ್ಟದ ಕೋಟಿನ ಜೇಬಿಗೆ ಮೇಣದ ಪಟ್ಟಿ ತುರುಕಿದಳು.

ನಡಿಗೆಯ ಮೊದಲ ದಿನ ಆಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತಂಗಿಯ ಹಿಂದೆ ನಡೆದಳು. ತೊರೆಯ ಕಲ್ಲಿನ ಮೇಲೆ ತಂಗಿ ಜಾರಿದಾಗ ಹುಷಾರು ನುಂಗಿದಳು. ಇಳಿಜಾರಿನಲ್ಲಿ ಅವಳು ಓಡಿದಾಗ ಮತ್ತೆ ನುಂಗಿದಳು. ಸಂಜೆ ಬಂಡೆಯ ಮರೆಯಲ್ಲಿ ಒಲೆ ಹಚ್ಚಿದರು, ಸೂಪು ಕಾಯಿತು, ಏನೂ ಆಗಲಿಲ್ಲ. ಬೆಳಿಗ್ಗೆ ಚಳಿಗೆ ತಣ್ಣಗಾದ ಸ್ಪಿರಿಟ್ ಹತ್ತಿಕೊಳ್ಳಲು ಒಲ್ಲೆ ಎಂದಿತು. ಬಾಟಲಿಯನ್ನು ಕೋಟಿನೊಳಗೆ ಇಟ್ಟು ಮೈಬಿಸಿಯಲ್ಲಿ ಕಾಯಿಸಿಕೊಟ್ಟವಳು ಪುಕ್ಕಲಕ್ಕನೇ. ಎದೆಗೆ ಆತುಕೊಂಡ ಆ ಬಾಟಲಿಯ ಅಡಿಯಲ್ಲಿ ಜೀವ ಹೇಗೆ ಹೊಡೆದುಕೊಳ್ಳುತ್ತಿತ್ತು ಎಂದು ಅವಳಿಗೇ ಗೊತ್ತು.

ಎರಡನೆಯ ದಿನ ನಡುಮಧ್ಯಾಹ್ನ ಬೆಟ್ಟದ ನೆತ್ತಿ ಮುಟ್ಟಿದರು. ಮರವಿಲ್ಲ, ನೆರಳಿಲ್ಲ. ಬಿಳಿ ಕಲ್ಲು, ಸುಡುವ ಬಿಸಿಲು, ಅದರ ಜೊತೆಗೇ ತಣ್ಣನೆಯ ಗಾಳಿ. ತಂಗಿಯ ಬೆನ್ನು ನೋಯುತ್ತಿತ್ತು. ಚಹಾ ಕುಡಿಯದೆ ಹೆಜ್ಜೆ ಎತ್ತುವುದಿಲ್ಲ ಎಂದು ಕೂತಳು. ಒಲೆ ಹಚ್ಚಿ, ಸುತ್ತ ಗಾಳಿತಡೆಯ ತಗಡಿನ ಹಾಳೆ ನಿಲ್ಲಿಸಿ, ಪಾತ್ರೆ ಇಟ್ಟರು. ಗಾಳಿ ಒಂದೇ ಬೀಸಿಗೆ ಹಾಳೆಯನ್ನು ಎತ್ತಿ ಒಗೆಯಿತು. ಅದನ್ನು ಹಿಡಿಯಲು ಪುಕ್ಕಲಕ್ಕ ಓಡಿದಳು.

ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಬಿಡಿಸಿಕೊಂಡು ತಿರುಗಿದಾಗ ತಂಗಿ ಪಾತ್ರೆ ಎತ್ತಿ ಪಕ್ಕಕ್ಕಿಟ್ಟಿದ್ದಳು.

"ನೀರು ಕುದೀಲೇ ಇಲ್ಲ ಅಕ್ಕ! ಗಾಳಿಗೆ ಆರಿಹೋಗಿದೆ" ಎಂದು ಕೂಗಿ ಹೇಳಿದಳು.

ಅಷ್ಟು ದೂರದಿಂದ ಒಲೆ ಖಾಲಿ ಬಟ್ಟಲಿನಂತೆ ಕಂಡಿತು. ಬಟ್ಟಲ ಮೇಲೆ ಏನೂ ಇರಲಿಲ್ಲ, ಬಿಸಿಲು ಬಿಟ್ಟರೆ. ತಂಗಿ ಕೆಂಪು ದಾರದ ಬಾಟಲಿಯ ಮುಚ್ಚಳ ತೆಗೆದಳು.

ಪುಕ್ಕಲಕ್ಕ ಬಾಯಿ ತೆರೆದಳು. ಎರಡು ದಿನ ನುಂಗಿ ನುಂಗಿ ಇಟ್ಟ ಆ ಒಂದು ಮಾತು ಬೇಕಾದ ಹೊತ್ತಿಗೆ ಗಂಟಲಲ್ಲೇ ಕಚ್ಚಿಕೊಂಡಿತು. ಕಣ್ಣಿನ ಮುಂದೆ ಮೇಸ್ತ್ರಿಯ ತೋಳು. ತಾನು ಓಡುತ್ತಿದ್ದೇನೆ ಎಂದು ಅವಳಿಗೆ ತಿಳಿಯಲೇ ಇಲ್ಲ. ಕೈ ಮಾತ್ರ ಅದರ ಪಾಡಿಗೆ ಜೇಬಿಗೆ ಹೋಗಿ, ವರ್ಕ್‌ಶಾಪಿನಲ್ಲಿ ದಿನವೂ ಮಾಡುವ ಕೆಲಸ ಮಾಡಿತು. ಮಂಡಿಯೂರಿ ಬಿದ್ದವಳು ಬಾಗಿದ ಬಾಟಲಿಗೂ ಒಲೆಗೂ ನಡುವೆ ಮೇಣದ ಪಟ್ಟಿ ಚಾಚಿದಳು.

ಪಟ್ಟಿಯ ತುದಿ ಬಗ್ಗಿತು. ಬಗ್ಗಿ, ತೊಟ್ಟಿಕ್ಕಿ, ಹತ್ತಿಕೊಂಡಿತು. ಏನೂ ಇಲ್ಲದಿದ್ದ ಬಟ್ಟಲ ಮೇಲೆ ಹಳದಿ ಉರಿ ಎದ್ದು ನಿಂತಿತು.

ಬಾಟಲಿಯ ಬಾಯಲ್ಲಿ ಒಂದು ಹನಿ ನೇತಾಡುತ್ತಿತ್ತು. ತಂಗಿ ಅದನ್ನು ನೋಡಿದಳು, ಉರಿಯನ್ನು ನೋಡಿದಳು. ಬಾಟಲಿಯನ್ನು ನೆಟ್ಟಗೆ ಮಾಡಿ, ಕೂತಲ್ಲಿಂದಲೇ ಹಿಂದಕ್ಕೆ ತೆವಳಿದಳು. ಮುಚ್ಚಳ ತಿರುಪಲು ಅವಳಿಗೆ ಎರಡೂ ಕೈ ಸಾಲದಾಯಿತು.

ಪುಕ್ಕಲಕ್ಕ ಉರಿಯುವ ಪಟ್ಟಿಯನ್ನು ಕಲ್ಲಿಗೆ ಉಜ್ಜಿ ಆರಿಸಿ, ನೀರು ಚೆಲ್ಲಿ ಪಾತ್ರೆಯನ್ನು ಒಲೆಯ ಮೇಲೆ ಕವುಚಿದಳು. ಆಗ ಗಂಟಲು ಬಿಟ್ಟುಕೊಂಡಿತು.

"ಹುಷಾರು!" ಎಂದು ಕಿರುಚಿದಳು. "ಹುಷಾರು, ಹುಷಾರು, ಹುಷಾರು! ಬಿಟ್ಟು ಹೋಗ್ತೀಯೇನೆ? ಹೋಗು! ಇಲ್ಲೇ ಕೂರಿಸಿ ಹೋಗು!" ಹೇಳುತ್ತ ಹೇಳುತ್ತ ಅಳು ಒತ್ತರಿಸಿ ಬಂತು. ಅಳುತ್ತಲೇ ಮೇಸ್ತ್ರಿಯ ಕಥೆ ಹೇಳಿದಳು, ಅಂಗಿಯ ತೋಳಿನಿಂದ ಹಿಡಿದು ಬಿಚ್ಚಿಕೊಳ್ಳದ ಬೆರಳುಗಳವರೆಗೆ.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದು ಕೊನೆಗೆ ತಂಗಿ ಕೇಳಿದಳು.

"ಹೆದರಿಕೆ ಕಣೆ. ಇನ್ನೇನಿರುತ್ತೆ?"

ಆ ದಿನ ಮತ್ತೆ ಒಲೆ ಹಚ್ಚಲಿಲ್ಲ. ಒಣ ಬ್ರೆಡ್ಡು ತಿಂದು ತಣ್ಣೀರು ಕುಡಿದು ಬೆಟ್ಟದ ಆಚೆ ಇಳಿದರು. ಇಳಿಜಾರಿನಲ್ಲಿ ತಂಗಿ ಓಡಲಿಲ್ಲ. ಪ್ರತಿ ಕಲ್ಲನ್ನೂ ಕಾಲಿನಿಂದ ಒತ್ತಿ ನೋಡಿ ಹೆಜ್ಜೆ ಮುಂದಿಟ್ಟಳು. ಇವಳಿಗೊಂದಿಷ್ಟು ಭಯ ಬರಲಿ ದೇವರೇ ಎಂದು ವರ್ಷಗಟ್ಟಲೆ ಬೇಡಿಕೊಂಡವಳು ಪುಕ್ಕಲಕ್ಕ. ಬಂದ ಭಯವನ್ನು ಹಿಂದಿನಿಂದ ನೋಡಿದಾಗ ಅವಳಿಗೆ ಸಮಾಧಾನವಾಗಲಿಲ್ಲ, ಕರುಳು ಚುರುಕ್ ಎಂದಿತು.

ಮರುದಿನ ಬೆಳಿಗ್ಗೆ ಚಳಿಗೆ ತಂಗಿಯ ಬೆನ್ನು ಸೆಟೆದು ಹೋಗಿತ್ತು. ಬಿಸಿ ಏನಾದರೂ ಒಳಗೆ ಹೋಗದೆ ಅವಳು ಏಳುವಂತಿರಲಿಲ್ಲ. ಬಸ್ಸಿನ ರಸ್ತೆ ಇನ್ನೂ ದೂರವಿತ್ತು. ಪುಕ್ಕಲಕ್ಕ ಚೀಲದಿಂದ ಒಲೆ ತೆಗೆದು ಕಲ್ಲಿನ ಮೇಲಿಟ್ಟಳು.

"ಬೇಡ ಅಕ್ಕ. ತಣ್ಣೀರೇ ಸಾಕು" ಎಂದಳು ತಂಗಿ.

ಪುಕ್ಕಲಕ್ಕ ಬೆಂಕಿಪೊಟ್ಟಣ ಎತ್ತಿಕೊಂಡಳು.

"ಹುಷಾರು ಅಕ್ಕ!" ಎಂಬ ಮಾತು ತಂಗಿಯ ಬಾಯಿಂದ ಹೊರಬಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬಹುದಿತ್ತು, ಯಾರೂ ನಗಲಿಲ್ಲ.

ಪುಕ್ಕಲಕ್ಕ ಪೊಟ್ಟಣವನ್ನು ತಂಗಿಯ ಕೈಗಿಟ್ಟಳು. "ನೀನೇ ಹಚ್ಚು."

"ನನ್ನಿಂದ ಆಗಲ್ಲ. ಕೈ ನಡುಗ್ತಿದೆ, ನೋಡು."

"ನಂದೂ ನಡುಗುತ್ತೆ. ದಿನಾ ಬೆಳಿಗ್ಗೆ ಮೇಜಿನ ಮುಂದೆ ಕೂತಾಗ ನಡುಗುತ್ತೆ. ಭಯ ಹೋದ್ಮೇಲೆ ಹಚ್ಚೋಣ ಅಂತ ಕಾದಿದ್ರೆ ನಾನು ಒಂದು ಹಲ್ಲೂ ಕಟ್ತಿರಲಿಲ್ಲ. ಹೆದರಿಕೊಂಡೇ ಹಚ್ಚೋದು ಕಣೆ."

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ನೀರು ಬಿಸಿಯಾಗುವವರೆಗೆ ಇಬ್ಬರೂ ಒಲೆಯ ಮೇಲಿಂದ ಕಣ್ಣು ಕೀಳಲಿಲ್ಲ. ಆಮೇಲೆ ಬಿಸಿಲು ಕಲ್ಲಿನ ಮೇಲೆ ಬಂತು, ನೀಲಿ ಮಾಯವಾಯಿತು. ಪಾತ್ರೆಯ ಗುಳ್ಳೆಗಳೂ ನಿಂತವು. ಇನ್ನೊಂದು ಲೋಟ ನೀರು ಕಾಯಲು ಒಲೆಗೆ ಮತ್ತೆ ಸ್ಪಿರಿಟ್ ಹಾಕಬೇಕಿತ್ತು. ತಂಗಿ ಬಾಟಲಿಯನ್ನು ಮುಟ್ಟಲಿಲ್ಲ. ಅಕ್ಕನ ಕಡೆಗೆ ಅಂಗೈ ಚಾಚಿದಳು.

"ಮೇಣ ಕೊಡು."

ತುದಿ ಸುಟ್ಟು ಕರ್ರಗಾಗಿದ್ದ ಪಟ್ಟಿಯನ್ನು ಪುಕ್ಕಲಕ್ಕ ಕೊಟ್ಟಳು. ತಂಗಿ ಪಾತ್ರೆ ಇಳಿಸಿ, ಮೈಯೆಲ್ಲ ದೂರವಿಟ್ಟು ಕೈ ಮಾತ್ರ ಮುಂದೆ ಮಾಡಿ, ಅದನ್ನು ಒಲೆಯ ಮೇಲೆ ಹಿಡಿದಳು. ಮೇಣ ನಿಧಾನವಾಗಿ ಬಾಗತೊಡಗಿತು. ತಂಗಿ ಕೈ ಹಿಂದಕ್ಕೆ ತೆಗೆದುಕೊಂಡು, ಬಾಟಲಿಯನ್ನು ಇನ್ನಷ್ಟು ದೂರ ಸರಿಸಿ, ಉರಿ ತಾನಾಗಿ ಆರಲೆಂದು ಕಾಯುತ್ತ ಕೂತಳು. ಪುಕ್ಕಲಕ್ಕನ ಎದೆ ಡವಡವ ಹೊಡೆದುಕೊಳ್ಳುತ್ತಲೇ ಇತ್ತು, ಆದರೆ ಹೇಳಬೇಕಾದ ಮಾತು ಏನೂ ಉಳಿದಿರಲಿಲ್ಲ.