ಗಡಿ ಹಿಡಿದ ಗೆಳೆಯ

“ಆ ಜಗಳ ನಾನೇ ಮುಗಿಸಿದ್ದು. ಸೋತವನು ಇದೇ ಕಂಬ ಹಿಡಿದು ಅತ್ತ,” ಎಂದು ಸುಕೇಶ ಚಾವಡಿಯ ಕಂಬ ತೋರಿಸಿದ. ಗದ್ದೆಗೆ ಹರಿಯುವ ತೋಡಿನ ನೀರಿಗಾಗಿ ಎರಡು ಮನೆಗಳ ನಡುವೆ ನಡೆದ ಆ ಜಗಳ ನಮ್ಮ ಅಜ್ಜಂದಿರ ಕಾಲದ್ದು. ಸುಕೇಶ ನನ್ನ ಕಾಲೇಜಿನ ಸಹಪಾಠಿ, ನನ್ನದೇ ವಯಸ್ಸಿನವನು.

ಊರಿನ ನಾಯಕತ್ವವನ್ನು ಇತಿಹಾಸ, ಸಮಾಜ, ರಾಜಕೀಯ ಮೂರೂ ಕಡೆಯಿಂದ ನೋಡುವ ಸಂಶೋಧನೆ ನನ್ನದು. ಅದಕ್ಕಾಗಿ ಮೂಡುಬಿದಿರೆಯಿಂದ ಸಿದ್ಧಕಟ್ಟೆ ಕಡೆಯ, ಊರಿನ ಮುಖಂಡರ ಮನೆತನವಾದ ಅವನ ಗುತ್ತಿನ ಮನೆಗೆ ಹೋಗಿದ್ದೆ. ಸೋದರಮಾವ ತೀರಿಕೊಂಡ ಮೇಲೆ ಅವನು ದುಬೈಯ ಕೆಲಸ ಬಿಟ್ಟು ಬಂದು ಗಡಿ ಹಿಡಿದಿದ್ದ, ಅಂದರೆ ಮನೆತನದ ಯಜಮಾನನಾಗಿದ್ದ. ಹಿಂದಿನ ಯಜಮಾನರೆಲ್ಲರಿಗೂ ಇದ್ದ ಒಂದೇ ಹೆಸರು ಈಗ ಅವನದ್ದೂ. ಹುಟ್ಟು ಹೆಸರಿನಿಂದ ಯಾರೂ ಕರೆಯುವ ಹಾಗಿಲ್ಲ. ಓಟು ಕೇಳಲು ಬರುವವರೂ ಮೊದಲು ಅವನೆದುರು ಕೈ ಮುಗಿಯುತ್ತಾರೆ.

“ಆಗ ನೀನು ಹುಟ್ಟಿಯೇ ಇರಲಿಲ್ಲವಲ್ಲ ಮಾರಾಯ,” ಎಂದು ನಕ್ಕೆ.

ಅವನು ನಗಲಿಲ್ಲ. ಕಂಬವನ್ನೇ ನೋಡುತ್ತಾ, “ಸೋತವ ಇನ್ನೂ ಕಂಬ ಬಿಡ್ಲಿಲ್ಲ,” ಎಂದ. ನಾನು ಕಂಬದ ಕಡೆ ತಿರುಗಲಿಲ್ಲ. ತಿರುಗಲು ಧೈರ್ಯ ಬರಲಿಲ್ಲ.

ನಾಯಕನಾದವನಿಗೆ ಏನೆಲ್ಲ ಸಿಗುತ್ತದೆ ಎಂದು ಪುಟಗಟ್ಟಲೆ ಬರೆದಿದ್ದೇನೆ. ಆದರೆ ಇದನ್ನು ಎಲ್ಲಿ ಬರೆಯಲಿ? ಅಂದು ಹೊರಡುವಾಗ ಅಭ್ಯಾಸಬಲದಿಂದ, “ಸುಕೇಶಾ, ಬರ್ತೇನೆ,” ಎಂದು ಅಂಗಳದಿಂದ ಕೂಗಿದೆ. ಎದುರಿಗೇ ಕೂತಿದ್ದ ಅವನು ಬೇರೆ ಯಾರನ್ನೋ ಕರೆದಂತೆ ತಲೆ ಎತ್ತಲಿಲ್ಲ. ಒಳಗಿನಿಂದ ಅವನ ತಾಯಿ ಮಾತ್ರ ಓಡಿ ಬಂದರು. ಮಗನನ್ನು ದಾಟಿ ಅಂಗಳಕ್ಕಿಳಿದು, ಸುಕೇಶ ಎಲ್ಲಿ ಎಂದು ಸುತ್ತಲೂ ಹುಡುಕಿದರು.