ಖಂಡೇಪೂಜೆಗೆ ತೊಳೆದ ಗಿಟಾರ್

ಅಣ್ಣ ಹೋದದ್ದು ಕಾಮಾಲೆಯಿಂದ, ಕರೆಂಟಿನಿಂದಲ್ಲ. ಆದರೂ ಅವನ ಗಿಟಾರುಗಳನ್ನು ಕಂಡರೆ ನನಗೆ ಕರೆಂಟೇ ನೆನಪಾಗುತ್ತಿತ್ತು. ಕಲಬುರಗಿಯ ಒಂದು ಮದುವೆ ಚಪ್ಪರದಲ್ಲಿ ಗಿಟಾರಿನ ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದವನು ಕರೆಂಟ್ ಹೊಡೆದು ಹಿಂದಕ್ಕೆ ಬಿದ್ದಿದ್ದ. ಎದ್ದು, ನಗುತ್ತಲೇ ಹಾಡು ಮುಗಿಸಿದ. ನನಗೆ ಆ ದಿನ ಊಟ ಇಳಿಯಲಿಲ್ಲ.

ನಂದೂರಿನ ಬೇಳೆ ಮಿಲ್ಲಿನಲ್ಲಿ ಅವನ ಕೆಲಸ. ಮದುವೆ ದಿನಗಳಲ್ಲಿ ಆರ್ಕೆಸ್ಟ್ರಾ. ಸೇಡಂ ರಸ್ತೆಯ ಬಾಡಿಗೆ ಕೋಣೆಯಲ್ಲಿ ಹಳೆಯ ಗಿಟಾರುಗಳನ್ನು ಕೂಡಿಸಿದ್ದ. ಸಿಕಂದರಾಬಾದಿನಲ್ಲಿ ಯಾವುದೋ ಬ್ಯಾಂಡು ಒಡೆಯಿತೆಂದು ಕೇಳಿದರೆ ಅವರ ಗಿಟಾರ್ ಕೊಳ್ಳಲು ರಜೆ ಹಾಕಿ ರೈಲು ಹತ್ತುತ್ತಿದ್ದ. ಅವನಿಗೆ ಬೇಕಾದದ್ದು ಒಂದೇ ಬಗೆ: ಅರ್ಧ ಪೊಳ್ಳು, ಎದೆಯ ಮೇಲೆ ಪಿಟೀಲಿಗಿರುವಂಥ ಎರಡು ಸೀಳು.

"ನಡುವ ಕಟ್ಟಿಗಿ, ಎರಡೂ ಕಡಿ ಖಾಲಿ. ಕರೆಂಟ್ ಹೋದ್ರ ಮಾತಾಡ್ತದ, ಬಂದ್ರ ಹಾಡ್ತದ" ಅನ್ನುತ್ತಿದ್ದ.

"ಹೊಸಾದು ತಗೋಬಾರ್ದೇನು?"

"ಹೊಸಾ ಕಟ್ಟಿಗಿ ಲಗೂನ ಬಾಯಿ ಬಿಡಂಗಿಲ್ಲೋ ತಮ್ಮಾ, ನಿನ್ನಂಗ."

ಅವನು ಹೋದ ಮೇಲೆ ಗಿಟಾರುಗಳನ್ನು ಕಮಲಾಪುರದ ಮನೆಗೆ ತಂದೆ. ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಮರುವರ್ಷ ದಸರೆಯ ಖಂಡೇಪೂಜೆಯ ದಿನ ನಾನು ಕೆಲಸದಿಂದ ಬಂದಾಗ ಅಂಗಳದಲ್ಲಿ ಕುಡಗೋಲು, ಸುತ್ತಿಗೆ, ಸೈಕಲ್ಲು ಎಲ್ಲ ತೊಳೆದು ಸಾಲಾಗಿಟ್ಟಿದ್ದವು. ಕೊನೆಯಲ್ಲಿ, ತಲೆಗೆ ಕುಂಕುಮ ಹಚ್ಚಿಸಿಕೊಂಡು, ಅಣ್ಣನಿಗೆ ಎಲ್ಲಕ್ಕಿಂತ ಪ್ರೀತಿಯ ಗಿಟಾರ್. ನೀರು ಸೋರುತ್ತಿತ್ತು.

"ಇದನ್ಯಾಕ ತೊಳದಿ ಅವ್ವಾ?"

"ಅಂವನ ಹತ್ಯಾರ ಅಲ್ಲೇನು? ಕುಡಗೋಲಿಗಿ ನೀರ ಹಾಕಿ ಇದಕ್ಕ ಬ್ಯಾಡಂದ್ರ ಹ್ಯಾಂಗ? ಧೂಳರೇ ಎಷ್ಟಿತ್ತು!"

ಎತ್ತಿ ಬೋರಲು ಹಿಡಿದೆ. ಸೀಳಿನಿಂದ ಧೂಳು ಕದಡಿದ ಕೆಂಪು ನೀರು ಸುರಿಯಿತು. ಅದರೊಳಗೇ ವೈರುಗಳಿದ್ದವು.

ಅವ್ವನ ಮುಖ ಕಂದಿತು. "ಕೆಟ್ಟೋತೇನೋ?"

ಆ ಪ್ರಶ್ನೆಗೆ ನಾನು ಕರೆಂಟಿಗಿಂತ ಹೆಚ್ಚು ಹೆದರಿದೆ. ಮಗನ ಉಳಿದ ದನಿಯನ್ನು ತಾನೇ ಕೊಂದೆನೆಂದು ಆಕೆಗೆ ಅನ್ನಿಸಿಬಿಟ್ಟರೆ?

"ಒಣಗಲಿ, ನೋಡಮು" ಎಂದೆ.

ನೆರಳಿನಲ್ಲಿ ದೀಪಾವಳಿಯವರೆಗೂ ಒಣಗಿಸಿದೆ. ಅವ್ವ ಬೆಳಗ್ಗೆ ಎದ್ದವಳೇ ಸೀಳಿಗೆ ಮೂಗು ಹಚ್ಚಿ ತೇವದ ವಾಸನೆ ನೋಡುತ್ತಿದ್ದಳು.

ಪಾಡ್ಯದ ಮಧ್ಯಾಹ್ನ ಹೊಸ್ತಿಲ ಬಳಿ ಕೂತು, "ಇವತ್ತು ಹಚ್ಚು" ಎಂದಳು.

ರಬ್ಬರ್ ಚಪ್ಪಲಿ ಮೆಟ್ಟಿ, ಮಣೆಯ ಮೇಲೆ ನಿಂತು ಪ್ಲಗ್ ಚುಚ್ಚಿದೆ. ಗಿಟಾರಿಗೆ ಜೋಡಿಸಿದ್ದ ಅಣ್ಣನ ಆಂಪ್ಲಿಫೈಯರ್ ಪೆಟ್ಟಿಗೆ ಗುಂಯ್‌ಗುಟ್ಟಿತು. ತಂತಿಗೆ ಟೆಸ್ಟರ್ ಹಿಡಿದೆ, ಉರಿಯಲಿಲ್ಲ. ಆದರೂ ಕೈ ಮುಂದೆ ಹೋಗಲೊಲ್ಲದು. ಬೆವರಿದ ಬೆರಳನ್ನು ಅಂಗಿಗೆ ಒರೆಸಿ, ಕಣ್ಣು ಮುಚ್ಚಿ ಮೀಟಿದೆ.

ಮೊದಲು ಗರಗರ. ಆಮೇಲೆ ದಪ್ಪನೆಯ, ದುಂಡನೆಯ ಒಂದು ದನಿ ಕೋಣೆ ತುಂಬಿತು.

"ಬಂತು! ಬಂತೋ ನಮ್ಮಪ್ಪಾ!" ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಸರಿಯಾಗಿ ಕೂತಳು. "ಹೂಂ, ನುಡಸು."

ಒಂದೊಂದೇ ತಂತಿ ಮೀಟುತ್ತ ಎಲ್ಲಕ್ಕೂ ಕೆಳಗಿನದಕ್ಕೆ ಬಂದೆ. ಅವ್ವ ಕಾದಳು.

"ಮುಂದ?"

"ಮುಂದ ನನಗ ಬರಂಗಿಲ್ಲ ಅವ್ವಾ."

ಸ್ವಿಚ್ ಆರಿಸಲು ಧೈರ್ಯವಾಗಲಿಲ್ಲ. ಪೆಟ್ಟಿಗೆ ಗುಂಯ್‌ಗುಡುತ್ತಲೇ ಇತ್ತು, ಅವ್ವ ಕೇಳುತ್ತಲೇ ಇದ್ದಳು.